ಸುಧಾಳ ಕೋಟೆ, ನನ್ನ ಗೆರೆ

ನಮ್ಮ ಮನೆಯಲ್ಲಿ ಒಂದು ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಹೇಳಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಎಲ್ಲರದೂ ಮುಂದೆ ಮಗ್ಗ, ಹಿಂದೆ ಸಂಸಾರ. ಬೀದಿ ಬಾಗಿಲು ದಾಟಿದ ಕೂಡಲೇ ನಾಲ್ಕು ಪವರ್‌ಲೂಮ್‌, ಅವುಗಳ ನಡುವೆ ಮೈ ಓರೆ ಮಾಡಿಕೊಂಡು ಹೋಗುವಷ್ಟು ದಾರಿ, ದಾರಿ ಮುಗಿದಲ್ಲಿ ಒಂದು ಮೆಟ್ಟಿಲು, ಮೆಟ್ಟಿಲ ಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ. ಬೆಳಗ್ಗೆ ಸ್ವಿಚ್ ಹಾಕಿದರೆ ನೆಲ, ಗೋಡೆ, ಗೂಡಿನಲ್ಲಿಟ್ಟ ಪಾತ್ರೆ ಎಲ್ಲವೂ ನಡುಗಲು ಶುರು. ಒಗ್ಗರಣೆಯ ಸಾಸಿವೆ ಸಿಡಿದದ್ದನ್ನು ಅಮ್ಮ ಕಣ್ಣಲ್ಲಿ ನೋಡಿಯೇ ತಿಳಿಯಬೇಕಿತ್ತು. ಕುಕ್ಕರ್ ಕೂಗಿದ್ದು ಗೊತ್ತಾಗದೆ ಬೇಳೆ ಎಷ್ಟೋ ಸಲ ತಳ ಹಿಡಿದ ಮೇಲೆ ಅಜ್ಜಿ ಅದರ ಎದುರು ಮಣೆ ಹಾಕಿಕೊಂಡು ಕೂತು, ವಿಷಲ್ ಏಳುವುದನ್ನು ಕಾಯತೊಡಗಿದಳು. ಊಟಕ್ಕೆ ಕರೆಯಲು ಒಂದು ಸನ್ನೆ, ನೆಂಟರು ಬಂದರೆ ಒಂದು ಸನ್ನೆ, ಸೀರೆ ಕೊಳ್ಳುವ ಸಾಹುಕಾರರ ಕಡೆಯವರು ಬಂದರೆ ಮೀಸೆ ತಿರುವಿದ ಹಾಗೆ ಇನ್ನೊಂದು. ಅಮ್ಮ, ಚಿಕ್ಕಮ್ಮ ಇಬ್ಬರೂ ಜಗಳವನ್ನು ಸಹ ಅರ್ಧ ಕೈಯಲ್ಲಿ ಆಡಿ, ಉಳಿದರ್ಧವನ್ನು ಕರೆಂಟು ಹೋದಾಗ ಬಾಯಲ್ಲಿ ಆಡಲು ಎತ್ತಿಟ್ಟುಕೊಳ್ಳುತ್ತಿದ್ದರು.

ಈ ಸನ್ನೆಗಳ ಮೇಲೆ ನನ್ನ ಅಣ್ಣ ಮುರಳಿ ತನ್ನದೇ ಒಂದು ಭಾಷೆ ಕಟ್ಟಿದ್ದ. ಅವನು ನನಗಿಂತ ತುಂಬ ದೊಡ್ಡವನು. ನಾನಿನ್ನೂ ಮಿಡ್ಲ್ ಸ್ಕೂಲಿನ ಹುಡುಗಿಯಾಗಿದ್ದಾಗ ಅವನು ಪಿಯುಸಿ ಮುಗಿಸಿ ಅಪ್ಪನ ಜೊತೆ ಮಗ್ಗಕ್ಕೆ ನಿಂತಾಗಿತ್ತು. ವಾರಕ್ಕೊಮ್ಮೆ ನೇಯ್ದ ಸೀರೆಗಳ ಗಂಟು ಹೊತ್ತು ಚಿಕ್ಕಪೇಟೆಗೆ ಹೋಗುತ್ತಿದ್ದ. ವಾಪಸು ಬರುವಾಗ ಅದೇ ಗಂಟಿನ ಬಟ್ಟೆಯಲ್ಲಿ ಫುಟ್‌ಪಾತಿನ ಹಳೇ ಪುಸ್ತಕ, ಹರಿದ ಕಾಮಿಕ್ಸು, ವಿಡಿಯೋ ಗೇಮುಗಳ ಬಗ್ಗೆಯೇ ಬರೆಯುವ ಇಂಗ್ಲಿಷ್ ಪತ್ರಿಕೆಗಳು. ಆ ಪತ್ರಿಕೆಯ ಆಟಗಳಲ್ಲಿ ಮುಕ್ಕಾಲು ಪಾಲನ್ನು ಅವನು ಕಣ್ಣಲ್ಲೂ ಕಂಡಿರಲಿಲ್ಲ. ಆದರೂ ಯಾವುದು ಆಡಬೇಕಾದ್ದು, ಯಾವುದು ದಂಡ ಅಂತ ಖಡಾಖಂಡಿತವಾಗಿ ಹೇಳುತ್ತಿದ್ದ. ಪುಟ ಕತ್ತರಿಸಿ ತನ್ನ ಮಗ್ಗದ ಹಿಂದಿನ ಗೋಡೆಗೆ ರಾಕ್ಷಸರನ್ನೂ ಕತ್ತಿ ಹಿಡಿದ ಹೆಂಗಸರನ್ನೂ ಅಂಟಿಸಿದ್ದ. ಅಜ್ಜಿ ಹಿಂದೂಪುರದ ಕಡೆಯವಳು. ಇದೆಲ್ಲ ಬೊಮ್ಮಲಾಟ, ಬರೀ ಬೊಂಬೆಯಾಟ ಅನ್ನುತ್ತಿದ್ದಳು, ಆದರೆ ಅವನು ಆರಿಸಿ ತಂದ ದೆವ್ವದ ಕತೆಗಳನ್ನು ಮಾತ್ರ ಓದಿಸಿಕೊಂಡು ಕೇಳುತ್ತಿದ್ದಳು. ಅಪ್ಪನಿಗೆ ಹಡಗುಗಳ ಪುಸ್ತಕ ತಂದುಕೊಟ್ಟಿದ್ದ, ಅದರಲ್ಲಿ ಹಗ್ಗದ ಗಂಟುಗಳ ಚಿತ್ರಗಳಿವೆ ಅಂತ. ಬೀದಿಯ ಹುಡುಗರು ಕಿಟಕಿಯ ಹತ್ತಿರ ಬಂದು, ಮುಂದೆ ಏನು ಓದಲಿ ಗುರು ಅಂತ ಕೈಯಾಡಿಸಿ ಕೇಳುತ್ತಿದ್ದರು. ಮಗ್ಗ ನಿಲ್ಲಿಸದೆ ಅವನು ಹೇಳಿಬಿಡುತ್ತಿದ್ದ. ಹೆಬ್ಬೆರಳು ತೋರುಬೆರಳನ್ನು ಎಳೆ ಹೊಸೆದಂತೆ ತಿಕ್ಕಿದರೆ ಕತೆ ಗಟ್ಟಿಯಾಗಿದೆ ಅಂತ. ಬೆರಳು ಚಿಮ್ಮಿದರೆ ನಡುವೆ ಎಳೆ ಕಡಿದಿದೆ, ಮುಟ್ಟಬೇಡ ಅಂತ. ಎಡ ಹೆಗಲು ತಟ್ಟಿಕೊಂಡರೆ ಸೆರಗು ಚೆನ್ನಾಗಿದೆ ಅಂತ, ಅಂದರೆ ಕತೆಯ ಕೊನೆ. ಕೆಲವು ಆಟಕ್ಕೆ ಅಂಚು ಮಾತ್ರ ಇರುತ್ತೆ, ಸೀರೆಯ ನಡುವಿನ ಒಡಲೇ ಇರೋದಿಲ್ಲ ಅನ್ನುವುದು ಅವನ ದೊಡ್ಡ ತಕರಾರು.

ಅಣ್ಣ ನನ್ನವನು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವಿಬ್ಬರೇ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಸುಧಾ. ಅವಳು ಚಿಕ್ಕಪ್ಪನ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು, ಅದೇ ಮನೆ, ಅದೇ ನಡುಮನೆ, ಮಲಗುವಾಗ ಅದೇ ಜಮಖಾನ. ಮುರಳಣ್ಣ ಮುರಳಣ್ಣ ಅಂತ ದಿನವಿಡೀ ಅವನ ಹಿಂದೆ. ಅಣ್ಣ ಅದೊಂದು ಸಲ ಗಂಟಿನಲ್ಲಿ ಟಿವಿ ಗೇಮ್ ತಂದ. ಕಪ್ಪು ಡಬ್ಬಿ, ಗುಂಡಿ ಒತ್ತಿ ಆಡುವ ಎರಡು ರಿಮೋಟು, ಮೇಲೆ ಹಳದಿ ಕ್ಯಾಸೆಟ್ ಸಿಕ್ಕಿಸುವ ಸಂದು. ವಾರದ ರಜೆಯ ದಿನ ಮಗ್ಗ ನಿಂತ ಮೇಲೆ ನಡುಮನೆಯ ಟಿವಿಗೆ ಅದನ್ನು ಹಚ್ಚುತ್ತಿದ್ದ. ಪಾಳುಕೋಟೆಯೊಂದರಲ್ಲಿ ಒಬ್ಬ ಪುಟ್ಟ ಮನುಷ್ಯ ಓಡುತ್ತಾ ಹೋಗಬೇಕು, ಬಾವಿ ಹಾರಬೇಕು, ದೆವ್ವ ತಪ್ಪಿಸಬೇಕು, ಗುಟ್ಟಿನ ಬಾಗಿಲು ಹುಡುಕಬೇಕು. ನಾನು ಮೊದಲನೇ ಬಾವಿಗೇ ಬಿದ್ದೆ. ಮತ್ತೆ ಆಡಿದೆ, ಅದೇ ಬಾವಿಗೆ ಬಿದ್ದೆ. ಸುಧಾ ರಿಮೋಟು ಹಿಡಿದರೆ ಆ ಮನುಷ್ಯ ಗಾಳಿಯಲ್ಲಿ ಹೋದಂತೆ ಹೋಗುತ್ತಿದ್ದ. ಅಣ್ಣ ನನ್ನ ಕೈಯಿಂದ ಮೆಲ್ಲಗೆ ರಿಮೋಟು ತೆಗೆದುಕೊಂಡ.

"ರುಕ್ಕು, ನಿಂಗೆ ಗೇಮ್ ಬ್ಯಾಡ ಬಿಡು. ನೀನು ಪುಸ್ತಕ ನೋಡ್ಕೋ."

ಪುಸ್ತಕ ಅಂದರೆ ನನಗೆ ಪ್ರಾಣವೇ. ಆದರೆ ಅವತ್ತು ಆ ಮಾತು ಪಂಕ್ತಿಯಿಂದ ಎಬ್ಬಿಸಿದ ಹಾಗೆ ಕೇಳಿಸಿತು. ಅಂದಿನಿಂದ ರಜೆಯ ದಿನದ ಊಟದಲ್ಲೂ ಅವರಿಬ್ಬರು ಅಕ್ಕಪಕ್ಕ. ಅವರೆಕಾಳು ಸಾರು, ಮುದ್ದೆ. ಮುದ್ದೆ ಮುರಿಯುತ್ತಲೇ ಎಡಗಡೆ ಬಾಗಿಲಿಗೆ ಹೋಗೋಣವೋ ಬಲಗಡೆಗೋ ಅಂತ ಮಾತು. ಸುಧಾ ಎಡ ಅಂದರೆ ಅಣ್ಣ ಎಡಕ್ಕೇ ಹೋಗುತ್ತಿದ್ದ. ಆಟದಲ್ಲಿ ಅವಳ ಮಾತೇ ಕೊನೆ. ಅವಳು ಇನ್ನೊಬ್ಬರ ಮನೆಯಲ್ಲಿ ನೋಡಿ ಬಂದ ಕ್ಯಾಸೆಟ್ಟನ್ನು ಹುಡುಕಿಕೊಂಡು ಅವನು ಚಿಕ್ಕಪೇಟೆಯಲ್ಲಿ ಒಂದು ಬಸ್ಸು ತಪ್ಪಿಸಿಕೊಂಡ. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಿಂದ ಎಷ್ಟು ಆರಿಸಿ ತಂದು ಕೊಟ್ಟರೂ ಅವನದು ಒಂದೇ ಉತ್ತರ, ನೋಡೋಣ. ಅಣ್ಣನ ಬಾಯಲ್ಲಿ ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏನು ಓದಬೇಕು ಅಂತ ಊರಿಗೆಲ್ಲ ಹೇಳುವವನು ಒಂದೇ ಒಂದು ಸಲ ನನ್ನ ಮಾತು ಕೇಳಿ ಒಂದು ಪುಸ್ತಕ ಓದಬೇಕು. ಆ ವಯಸ್ಸಿನಲ್ಲಿ ದೇವರ ಮುಂದೆ ನಿಂತು ನಾನು ಕೇಳಿಕೊಳ್ಳುತ್ತಿದ್ದದ್ದು ಇಷ್ಟೇ. ಸುಧಾಳಿಗೆ ಜ್ವರ ಬರಲಿ ಅಂತಲೂ ಆಗಾಗ ಸೇರಿಸುತ್ತಿದ್ದೆ. ಬಂದದ್ದು ನನಗೆ, ಆಗ ಅವರಿಬ್ಬರೂ ನನ್ನ ತಲೆಯ ಹತ್ತಿರ ಕೂತು ಪಿಸುಮಾತಿನಲ್ಲಿ ಆಟದ ಬಗ್ಗೆಯೇ ಮಾತಾಡಿದರು.

ಆ ಆಟದಲ್ಲಿ ಒಂದು ತೊಂದರೆಯಿತ್ತು. ಡಬ್ಬಿ ಆಫ್ ಮಾಡಿದರೆ ಎಲ್ಲ ಮೊದಲಿಂದ. ಎಲ್ಲಿ ಬಾವಿ, ಎಲ್ಲಿ ದೆವ್ವ, ಯಾವ ಗೋಡೆಯ ಹಿಂದೆ ಬಾಗಿಲು ಅನ್ನುವುದನ್ನು ಮುಂದಿನ ವಾರಕ್ಕೆ ನೆನಪಿಟ್ಟುಕೊಳ್ಳಬೇಕು. ಒಳ್ಳೆ ಆಟಗಾರರು ದಾರಿಯನ್ನು ಬರೆದಿಟ್ಟುಕೊಳ್ಳುತ್ತಾರೆ ಅಂತ ಅಣ್ಣ ಪತ್ರಿಕೆಯಲ್ಲಿ ಓದಿದ್ದ. ಬರೆಯಲು ಅವರಿಗೆ ಸಿಕ್ಕಿದ್ದು ಅಪ್ಪನ ಗ್ರಾಫ್ ಹಾಳೆ. ಸೀರೆಯ ಅಂಚಿನ ಡಿಸೈನು ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬೀಳಬೇಕು, ಒಂದು ಚೌಕ ಅಂದರೆ ಒಂದು ಎಳೆ. ಆ ಹಾಳೆಯನ್ನು ಕಾರ್ಡ್ ಹೊಡೆಯುವವರ ಹತ್ತಿರ ಕೊಟ್ಟರೆ ಕೆಂಪು ತುಂಬಿದ ಚೌಕಕ್ಕೆಲ್ಲ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಕೊಡುತ್ತಾರೆ. ಆ ಕಾರ್ಡುಗಳ ಸರವನ್ನು ಮಗ್ಗದ ಮೇಲಿನ ಜಕಾರ್ಡಿಗೆ ಏರಿಸಿದರೆ ಬಟ್ಟೆಯಲ್ಲಿ ಅದೇ ಚಿತ್ರ. ಅಪ್ಪನ ಶೆಲ್ಫಿನಲ್ಲಿ ಅಂಚಿನ ಅಗಲಕ್ಕೆ ಕತ್ತರಿಸಿಟ್ಟ ಖಾಲಿ ಪಟ್ಟಿಗಳು ಇರುತ್ತಿದ್ದವು. ಟಿವಿಯಲ್ಲಿ ಆ ಕೋಟೆಯೂ ಎಡದಿಂದ ಬಲಕ್ಕೆ ಉದ್ದಕ್ಕೆ ಸಾಗುತ್ತಿತ್ತಲ್ಲ, ಪಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಸುಧಾ ಹೊಟ್ಟೆ ಅಡಿಯಾಗಿ ಮಲಗಿಕೊಂಡು ಅಪ್ಪನ ಕೆಂಪು ಪೆನ್ನಿನಲ್ಲಿ ಗೋಪುರ, ಬಾವಿ, ಎರಡು ಕಣ್ಣಿನ ದೆವ್ವ, ಮತ್ತೆ ಗೋಪುರ ಎಲ್ಲವನ್ನೂ ಚೌಕ ತುಂಬಿ ತುಂಬಿ ಬರೆದಳು. ಟಿವಿಯಲ್ಲಿ ಹೇಗಿತ್ತೋ ಹಾಗೇ ಬಂತು. ಅಣ್ಣ ಬೆರಳು ಹೊಸೆದು ತೋರಿಸಿದ. ನಾನು ನೋಡದ ಹಾಗೆ ಪುಸ್ತಕ ಅಡ್ಡ ಹಿಡಿದು ಕೂತಿದ್ದೆ, ಎಲ್ಲವನ್ನೂ ನೋಡುತ್ತಿದ್ದೆ.

ಹಬ್ಬದ ಸೀರೆಗಳಿಗೆ ಹೊಸ ಅಂಚು ಬೇಕು ಅಂತ ಅಪ್ಪ ಒಬ್ಬರ ಕೈಯಲ್ಲಿ ಮಾವಿನಕಾಯಿಯ ಡಿಸೈನು ಬರೆಸಿ ಅದೇ ಶೆಲ್ಫಿನಲ್ಲಿಟ್ಟಿದ್ದ. ಸುರುಳಿ ಸುತ್ತಿದ ಮೇಲೆ ಯಾವ ಪಟ್ಟಿಯಾದರೇನು, ಎಲ್ಲ ಒಂದೇ. ಅವಸರದಲ್ಲಿ ಅಪ್ಪ ಸುಧಾಳ ಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟು ಬಂದ. ಕಾರ್ಡ್ ಹೊಡೆಯುವವನು ಹೊಡೆದುಕೊಟ್ಟ. ಕೆಂಪಿದ್ದಲ್ಲಿ ತೂತು, ಇಲ್ಲದಲ್ಲಿ ಇಲ್ಲ. ಚಿತ್ರ ಏನು ಅಂತ ನೋಡುವುದು ಅವನ ಕೆಲಸವಲ್ಲ. ಕಾರ್ಡು ಏರಿಸಿ ಮಗ್ಗ ಶುರುಮಾಡಿದರು. ಹೊಸ ಡಿಸೈನು ನೋಡಲು ಬಗ್ಗಿದ ಅಪ್ಪ ಬಗ್ಗಿದಂತೆಯೇ ನಿಂತುಬಿಟ್ಟ. ಆಮೇಲೆ ಮಗ್ಗ ನಿಲ್ಲಿಸಿ ಎಲ್ಲರನ್ನೂ ಕರೆದ. ನೇರಳೆ ಒಡಲು, ಅದರ ಪಕ್ಕ ಜರಿಯಲ್ಲಿ ಹೊಳೆಯುವ ಗೋಪುರಗಳ ಸಾಲು, ಬಾವಿ, ನಮ್ಮನ್ನೇ ನೋಡುವ ದೆವ್ವ. ಅಪ್ಪ ಬಯ್ಯುತ್ತಾನೆ, ಇವತ್ತು ಸುಧಾಳಿಗೆ ಇದೆ ಅಂತ ನಾನು ಮನಸ್ಸಿನಲ್ಲೇ ಎಲೆ ಹಾಕಿಕೊಂಡು ಕಾದೆ. ಅಪ್ಪ ನಕ್ಕ. ಅಪರೂಪಕ್ಕೆ ನಗುವವನು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಜ್ಜಿಯೂ ನಕ್ಕಳು. ಆ ತುಂಡನ್ನು ಕತ್ತರಿಸಿ ತೆಗೆದು ಸುಧಾಳ ಕೈಗೇ ಕೊಟ್ಟರು. ಅಣ್ಣ ಅದನ್ನು ರಾಕ್ಷಸರ ಪಕ್ಕದಲ್ಲಿ, ಎಲ್ಲರಿಗಿಂತ ಮೇಲೆ, ಮೊಳೆ ಹೊಡೆದು ನೇತುಹಾಕಿದ.

ಮುಂದೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸುವುದೇ ಕೆಲಸವಾಯಿತು. ಸಾಸಲಿನಿಂದ ಬಂದ ನೆಂಟರು, ಹಾಲು ಹಾಕುವವಳು, ನೂಲು ತರುವವರು, ಎಲ್ಲರಿಗೂ ಸುಧಾಳ ಕೋಟೆ. ಅವಳು ಪಕ್ಕದಲ್ಲಿ ಜಡೆ ಮುಂದಕ್ಕೆ ಹಾಕಿಕೊಂಡು ನಿಲ್ಲುತ್ತಿದ್ದಳು. ನನಗೆ ಅನ್ನ ಸೇರುತ್ತಿರಲಿಲ್ಲ ಅಂದರೆ ಸುಳ್ಳಾದೀತು, ಅನ್ನ ಸೇರುತ್ತಿತ್ತು, ಎದೆಯಲ್ಲಿ ಮಾತ್ರ ಸದಾ ಒಂದು ಉರಿ. ಆ ಉರಿಯಲ್ಲೇ ಒಂದು ಮಧ್ಯಾಹ್ನ ಕರೆಂಟು ಹೋದಾಗ ಅಣ್ಣನನ್ನು ಹಿಡಿದು ನಿಲ್ಲಿಸಿದೆ.

"ಇಷ್ಟು ದಿನದಲ್ಲಿ ನಾನು ಹೇಳಿದ್ದು ಒಂದಾದ್ರೂ ಓದಿದೀಯಾ ನೀನು?"

"ಓದ್ತೀನಿ ಕಣೇ. ನೋಡೋಣ."

"ಅವಳು ಬರೆದಿದ್ದು ಆದ್ರೆ ಗೋಡೆ ಮೇಲೆ ನೇತಾಕ್ತೀಯಾ."

ಅವನಿಗೆ ತಮಾಷೆ. ನನ್ನ ಕೆನ್ನೆ ಹಿಂಡಿದ.

"ಗೇಮ್ ಅಂದ್ರೆ ಚೌಕದಾಗೆ ಬರುತ್ತೆ, ನೇಯಬೋದು. ನಿನ್ನ ಪುಸ್ತಕಾನ ಹೆಂಗಮ್ಮ ನೇಯೋದು?"

ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತು ಅತ್ತೆ. ಆಮೇಲೆ ಪುಸ್ತಕದಂಗಡಿಗೆ ಹೋಗಿ ಅಲ್ಲಿದ್ದದ್ದನ್ನು ಒಂದೊಂದಾಗಿ ಓದತೊಡಗಿದೆ. ಓದು ಅನ್ನುವುದಕ್ಕಿಂತ ಅದು ಬೇಟೆ. ಅಣ್ಣನನ್ನು ಕೆಡವುವಂಥದ್ದು ಯಾವುದು ಅಂತ ಹುಡುಕುವುದು. ಬೆರಳು ಚಿಮ್ಮಿ ಚಿಮ್ಮಿ ಎಷ್ಟೋ ಕೆಳಗಿಟ್ಟೆ. ಕೊನೆಗೆ ಸಿಕ್ಕಿದ್ದಕ್ಕೆ ರಟ್ಟು ಇರಲಿಲ್ಲ, ಮೊದಲ ಕೆಲವು ಪುಟಗಳೂ ಇರಲಿಲ್ಲ, ಆದ್ದರಿಂದ ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ರೈಲೂ ನಿಲ್ಲದ ಒಂದು ಸ್ಟೇಷನ್. ಅಲ್ಲಿನ ಮುದುಕ ಸ್ಟೇಷನ್ ಮಾಸ್ತರ ದಿನಾ ಸಂಜೆ ಎರಡು ಲೋಟ ಕಾಫಿ ಮಾಡಿ, ಒಂದನ್ನು ತಾನು ಕುಡಿದು, ಇನ್ನೊಂದನ್ನು ಬೆಂಚಿನ ಮೇಲೆ ಇಟ್ಟಿರುತ್ತಾನೆ. ಒಂದು ಸಂಜೆ ರೈಲು ನಿಲ್ಲುತ್ತದೆ. ಒಬ್ಬ ಇಳಿದು ಬಂದು, ಏನೂ ಕೇಳದೆ, ತನಗೇ ಇಟ್ಟದ್ದೆನ್ನುವ ಹಾಗೆ ಆ ಕಾಫಿ ಕುಡಿಯುತ್ತಾನೆ. ಅದನ್ನು ಓದಿ ಮುಗಿಸಿದಾಗ ನನ್ನ ಕೈ ತಾನಾಗಿಯೇ ಹೆಗಲಿಗೆ ಹೋಗಿತ್ತು.

ಈ ಸಲ ಅಣ್ಣನಿಗೆ ಪುಸ್ತಕ ಕೊಡಲಿಲ್ಲ. ಕರೆಂಟು ಹೋಗುವುದನ್ನು ಕಾದೆ. ಕರೆಂಟು ಹೋದರೆ ನಮ್ಮ ಬೀದಿಗೆ ಬೀದಿಯೇ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ, ಆಮೇಲೆ ಕಾಗೆ, ಸೈಕಲ್ ಬೆಲ್ಲು, ಪಕ್ಕದ ಮನೆಯ ಮಗು ಎಲ್ಲ ಒಂದೊಂದಾಗಿ ಕೇಳಿಸಲು ಶುರು. ಅವತ್ತೂ ಹಾಗೇ ಆಯಿತು. ಎಲ್ಲರೂ ಜಗಲಿಯ ಮೇಲೆ ಬಂದು ಕೂತರು. ಟಿವಿ ಗೇಮ್‌ಗೂ ಕರೆಂಟಿಲ್ಲ ಅನ್ನುವುದು ನನಗೆ ಆಗಲೇ ಹೊಳೆದದ್ದು. ಇದು ನನ್ನ ಹೊತ್ತು. ಅಜ್ಜಿಗೆ ಹೇಳುವ ನೆಪದಲ್ಲಿ ಕತೆ ಶುರುಮಾಡಿದೆ. ಅಣ್ಣ ಮೊದಲು ಬೇರೆ ಕಡೆ ನೋಡುತ್ತಿದ್ದ. ಎರಡು ಲೋಟ ಕಾಫಿ ಅಂದಾಗ ತಿರುಗಿದ. ಸುಧಾ ಏನೋ ಹೇಳಲು ಬಾಯಿ ತೆರೆದರೆ ಅವಳ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಿರಿಸಿದ. ಆ ಕೈ ನೋಡಿ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ರೈಲು ಹೊರಟುಹೋಯಿತು, ಬಂದವನು ಲೋಟ ಕೆಳಗಿಟ್ಟ, ಮುದುಕ ಎದ್ದು ನಿಂತು ಅವನ ಮುಖಕ್ಕೆ ಲಾಟೀನು ಹಿಡಿದು, ಯಾರಪ್ಪಾ ನೀನು ಅಂತ ಕೇಳಿದ. ಅಲ್ಲಿಗೆ ಬಂದಾಗ ಕರೆಂಟು ಬಂತು.

ಮಗ್ಗಗಳು ಹೊಡೆಯತೊಡಗಿದವು. ಎಲ್ಲರೂ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದರು. ನಾನು ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಕೂತೆ. ಸ್ವಲ್ಪ ಹೊತ್ತಿಗೆ ಮಗ್ಗಗಳ ಆಚೆಯಿಂದ ಅಣ್ಣ ನನ್ನ ಕಡೆ ನೋಡಿದ. ಎಡ ಹೆಗಲು ಮುಟ್ಟಿಕೊಂಡು ಹುಬ್ಬು ಏರಿಸಿದ. ಸೆರಗು ಏನಾಯ್ತು ಅಂತ. ನಾನು ಎರಡು ಅಂಗೈ ಪುಸ್ತಕದ ಹಾಗೆ ಬಿಚ್ಚಿ ತೋರಿಸಿದೆ. ಓದ್ಕೋ ಅಂತ. ಅವನು ಮತ್ತೆ ಹೆಗಲು ಮುಟ್ಟಿದ, ಈ ಸಲ ಕೈ ಮುಗಿದು. ನಾನು ಮತ್ತೆ ಅಂಗೈ ಬಿಚ್ಚಿದೆ. ಕೊನೆಗೆ ಅವನೇ ಮೈ ಓರೆ ಮಾಡಿಕೊಂಡು ಬಂದು, ನನ್ನ ತೊಡೆಯ ಕೆಳಗಿದ್ದ ಪುಸ್ತಕ ಎಳೆದುಕೊಂಡು ಹೋದ.

ನಿಂತುಕೊಂಡೇ ಓದಿದ. ಪುಸ್ತಕವನ್ನು ಮಗ್ಗದ ಕಂಬಕ್ಕೆ ಆನಿಸಿಕೊಂಡಿದ್ದ. ಕಂಡಿಕೆ ಮುಗಿದಾಗ ಕೈ ಅಭ್ಯಾಸಬಲದಿಂದ ಲಾಳಿಗೆ ಹೊಸ ಕಂಡಿಕೆ ಹಾಕುತ್ತಿತ್ತು, ಕಣ್ಣು ಮಾತ್ರ ಪುಟ ಬಿಟ್ಟು ಏಳಲಿಲ್ಲ. ಸುಧಾ ಪಕ್ಕಕ್ಕೆ ಹೋಗಿ ಅಂಗಿ ಜಗ್ಗಿದಳು, ತಿರುಗಿಯೂ ನೋಡಲಿಲ್ಲ. ನಾನು ನೂಲು ಸುತ್ತುವುದು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದೆ. ಮುಗಿಸಿದ ಮೇಲೆ ಅವನು ತಲೆಯೆತ್ತಿ ನನ್ನನ್ನು ಹುಡುಕಿ, ಹೆಗಲ ಮೇಲೆ ಕೈಯಿಟ್ಟ. ತಟ್ಟಲಿಲ್ಲ, ಇಟ್ಟ ಕೈ ಹಾಗೇ ಇತ್ತು. ರೈಲಿಳಿದು ಬಂದವನು ಯಾರಾಗಿದ್ದ ಅನ್ನುವುದನ್ನು ನಾನು ಇಲ್ಲೂ ಹೇಳುವುದಿಲ್ಲ.

ಸಂಜೆ ಅಪ್ಪ ನೇಯ್ದದ್ದನ್ನು ಬೆಳಕಿಗೆ ಹಿಡಿದು ನೋಡಿದ. ನೇರಳೆ ಒಡಲಿನಲ್ಲಿ ಹಾಸಿನ, ಅಂದರೆ ಉದ್ದಕ್ಕೆ ಓಡುವ, ಒಂದು ಎಳೆ ಕಡಿದುಹೋಗಿತ್ತು. ಕಡಿದ ಕೂಡಲೇ ಗಂಟು ಹಾಕಬೇಕಾದದ್ದು, ನೋಡುವವರಿಲ್ಲದೆ ಹಾಗೇ ನೇಯ್ದುಕೊಂಡು ಹೋಗಿ ಗಜಕ್ಕೂ ಮಿಕ್ಕಿ ಉದ್ದಕ್ಕೆ ಒಂದು ಸಣ್ಣ ಖಾಲಿ ಗೆರೆ ಬಿದ್ದಿತ್ತು. ಕಣ್ಣು ಎಲ್ಲಿಟ್ಟಿದ್ದೆ ಅಂತ ಅಪ್ಪ ಗದರಿದ. ಅಣ್ಣ ಮುಚ್ಚಿಡಲಿಲ್ಲ.

"ರುಕ್ಕು ಕೊಟ್ಟಿದ್ದು ಓದ್ತಿದ್ದೆ ಅಪ್ಪಾ. ಬಿಡಕ್ಕಾಗ್ಲಿಲ್ಲ."

ಅಪ್ಪ ಈ ಸಲ ನಗಲಿಲ್ಲ. ಅಣ್ಣನಿಗೂ ಬೈಗುಳ, ನನಗೂ ಬೈಗುಳ. ಬೈಸಿಕೊಳ್ಳುತ್ತಾ ಅಷ್ಟು ಹಿಗ್ಗಿದ್ದು ನಾನು ಅದೇ ಮೊದಲು. ಗೆರೆ ಬಿದ್ದ ಸೀರೆಯನ್ನು ಸಾಹುಕಾರರು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅದು ಅಮ್ಮನ ಪಾಲಿಗೆ ಬಂತು. ಆದರೆ ಹಿಗ್ಗು ಬಹಳ ದಿನ ಉಳಿಯಲಿಲ್ಲ. ಗೋಡೆಯ ಮೇಲಿನ ಕೋಟೆ ಎಲ್ಲರಿಗೂ ಕಾಣುತ್ತಿತ್ತು, ನನ್ನ ಗೆರೆ ಯಾರಿಗೂ ಕಾಣುತ್ತಿರಲಿಲ್ಲ. ಅಮ್ಮ ನೆರಿಗೆ ಹಿಡಿದರೆ ಅದು ಒಳಗೇ ಹೋಗಿಬಿಡುತ್ತಿತ್ತು. ಅಣ್ಣ ಆಮೇಲೆ ನಾನು ಹೇಳಿದ್ದನ್ನೆಲ್ಲ ಓದಿದ, ಕೇಳಿ ಕೇಳಿ ಓದಿದ. ಆದರೂ ನೆಂಟರು ಬಂದಾಗ ತೋರಿಸುತ್ತಿದ್ದದ್ದು ಕೋಟೆಯನ್ನೇ. ಮದುವೆಯಾಗಿ ಹೋಗುವಾಗ ಸುಧಾ ಅದನ್ನು ಕಟ್ಟು ಹಾಕಿಸಿ ತೆಗೆದುಕೊಂಡು ಹೋದಳು. ದೇವನಹಳ್ಳಿಯ ಅವಳ ಮನೆಗೆ ಹೋದರೆ ಬಾಗಿಲ ಎದುರಿಗೇ ಗಾಜಿನ ಹಿಂದೆ ಆ ದೆವ್ವ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ನಾನು ಪ್ರತಿ ಸಲವೂ ಅದಕ್ಕೆ ಬೆನ್ನು ಹಾಕಿಯೇ ಕಾಫಿ ಕುಡಿದಿದ್ದೇನೆ.

ಈಚೆಗೆ ಗೌರಿಹಬ್ಬದ ಮುಂಚೆ ಸುಧಾಳೂ ಬಂದಿದ್ದಾಗ ಅಮ್ಮ ಬೀರು ಖಾಲಿ ಮಾಡಲು ಕೂತಳು. ಈಗ ಮನೆಯಲ್ಲಿ ಮಗ್ಗವಿಲ್ಲ, ಬಾಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸುತ್ತದೆ, ಆದರೂ ಅಮ್ಮ ಕೂಗಿಯೇ ಮಾತಾಡುವುದು. ಯಾರಿಗೆ ಯಾವ ಸೀರೆ ಬೇಕೋ ತಗೊಳ್ಳಿ ಅಂದಳು. ಗೆರೆ ಬಿದ್ದ ಆ ನೇರಳೆ ಸೀರೆ ಹೊರಗೆ ಬಂದ ಕೂಡಲೇ ನಾನು ಕೈ ಚಾಚುವ ಮುಂಚೆ ಸುಧಾ ಎತ್ತಿಕೊಂಡಳು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. ಅವಳ ಬೆರಳು ನೇರವಾಗಿ ಆ ಗೆರೆಯ ಮೇಲೆ ಹೋಗಿ ನಿಂತಿತು. ಅವಳಿಗೆ ಅದು ಎಲ್ಲಿದೆ ಅಂತ ಹುಡುಕಬೇಕಾಗಲೇ ಇಲ್ಲ.

"ಇದು ನಂಗೆ ಕೊಡಕ್ಕ. ಬೇಕಾದ್ರೆ ನನ್ನ ಕೋಟೆ ನೀನೇ ಇಟ್ಕೋ."

ಕೋಟೆಯನ್ನು ಬಿಟ್ಟುಕೊಡುವಷ್ಟು ಈ ಹಳೇ ಸೀರೆಯಲ್ಲಿ ಏನಿದೆ ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ, ಅವಳ ಬಾಯಿಂದ ಬರಲಿ ಅಂತ.

"ನಂದು ದೊಡ್ಡಪ್ಪ ಅವಸರದಲ್ಲಿ ಮಾಡಿದ ತಪ್ಪು ಕಣಕ್ಕ. ನಿಂದು ಮುರಳಣ್ಣ ಮಾಡಿದ್ದು. ನನ್ ಜೊತೆ ಅಷ್ಟು ವರ್ಷ ಆಡಿದ, ಒಂದ್ ಸಲ ಆದ್ರೂ ಮಗ್ಗ ಮರೆತನಾ?"

ಅಣ್ಣ ಅಲ್ಲೇ ಕುರ್ಚಿಯಲ್ಲಿದ್ದ, ಪಕ್ಕದಲ್ಲಿದ್ದ ಮೊಮ್ಮಗಳಿಗೆ ಫೋನಿನಲ್ಲಿ ಯಾವ ಆಟಕ್ಕೆ ಒಡಲಿದೆ, ಯಾವುದಕ್ಕೆ ಇಲ್ಲ ಅಂತ ಹೇಳಿಕೊಡುತ್ತಾ. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದ, ಸೀರೆಯನ್ನೂ ನೋಡಿದ. ಸುಧಾಳ ಕಣ್ಣಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಉರಿ. ಅಷ್ಟು ವರ್ಷ ಅದು ನನ್ನೊಬ್ಬಳ ಆಸ್ತಿ ಅಂದುಕೊಂಡಿದ್ದೆ. ಅವಳ ಕೈಯಿಂದ ಮೆಲ್ಲಗೆ ಸೀರೆ ತೆಗೆದುಕೊಂಡೆ, ಗೆರೆ ಮೇಲಕ್ಕೆ ಬರುವ ಹಾಗೆ ಮಡಿಸಿದೆ, ತೊಡೆಯ ಮೇಲಿಟ್ಟುಕೊಂಡೆ.

"ನೋಡೋಣ" ಅಂದೆ.